ವೈಕಿಂಗ್ ಹೆಂಗಸರ ಒಡವೆ: ಗೋರಿಗಳು ಉಳಿಸಿಕೊಟ್ಟ ಸಾಕ್ಷ್ಯ

ಕ್ರಿ.ಶ. 9 ಮತ್ತು 10ನೇ ಶತಮಾನಗಳ ಸ್ಕ್ಯಾಂಡಿನೇವಿಯದಲ್ಲಿ ಸ್ಥಿತಿವಂತ ಮನೆತನದ ಹೆಂಗಸರನ್ನು ಉಡುಗೆ, ಒಡವೆಗಳ ಸಮೇತ ಹೂಳುವ ರೂಢಿಯಿತ್ತು. ಶವವನ್ನು ಸುಡುವುದೂ ಇತ್ತು. ಆದರೆ ಹೂಳಿದ ಗೋರಿಗಳಲ್ಲಿ ಒಡವೆಗಳು ಮೈಮೇಲೆ ಇದ್ದ ಜಾಗದಲ್ಲೇ ಸಿಗುವುದರಿಂದ ಯಾವುದನ್ನು ಎಲ್ಲಿ ತೊಡುತ್ತಿದ್ದರೆಂದು ಹೇಳಬಹುದು. ಸ್ವೀಡನ್ನಿನ ಮೇಲಾರೆನ್ ಸರೋವರದ ದ್ವೀಪವೊಂದರಲ್ಲಿದ್ದ ವ್ಯಾಪಾರಿ ಪಟ್ಟಣ ಬಿರ್ಕಾದಲ್ಲಿ ಪುರಾತತ್ತ್ವಜ್ಞ ಯಾಲ್ಮಾರ್ ಸ್ಟೋಲ್ಪೆ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸುಮಾರು 1,100 ಗೋರಿಗಳನ್ನು ಅಗೆಸಿದರು. ಈ ವಿಷಯದ ಬಹುಪಾಲು ತಿಳಿವಳಿಕೆ ಅಲ್ಲಿಂದ ಬಂದದ್ದು.

ಅಲ್ಲಿ ಮತ್ತೆ ಮತ್ತೆ ಕಾಣುವ ಒಡವೆ ಆಮೆಯ ಚಿಪ್ಪಿನಂತೆ ಉಬ್ಬಿದ ಅಂಡಾಕಾರದ ಬ್ರೋಚ್. ಜೇಡಿಮಣ್ಣಿನ ಅಚ್ಚಿನಲ್ಲಿ ತಾಮ್ರದ ಮಿಶ್ರಲೋಹ ಎರೆದು ಇದನ್ನು ಮಾಡುತ್ತಿದ್ದರು. ಡೆನ್ಮಾರ್ಕಿನ ರೀಬೆಯಲ್ಲಿ ಅಂಥ ಅಚ್ಚುಗಳ ಚೂರುಗಳೇ ಸಿಕ್ಕಿವೆ. ಬ್ರೋಚುಗಳು ಸಾಮಾನ್ಯವಾಗಿ ಜೋಡಿ. ಮೇಲುಡುಗೆಯ ಪಟ್ಟಿಗಳನ್ನು ಎದೆಯ ಮೇಲ್ಭಾಗದಲ್ಲಿ, ಭುಜಗಳ ಕೆಳಗೆ ಇವು ಹಿಡಿದು ನಿಲ್ಲಿಸುತ್ತಿದ್ದವು. ಒಡವೆಯೂ ಹೌದು, ಗುಂಡಿಯ ಕೆಲಸವೂ ಹೌದು.

ಇವುಗಳ ನಿಜವಾದ ಬೆಲೆ ಇರುವುದು ಹಿಂಬದಿಯಲ್ಲಿ. ಮಣ್ಣಿನಲ್ಲಿ ಬಟ್ಟೆ ಬೇಗ ಕೊಳೆತುಹೋಗುತ್ತದೆ. ಕಿಲುಬು ಹಿಡಿದ ತಾಮ್ರದಿಂದ ಹೊರಬರುವ ಲವಣಗಳು ಮಾತ್ರ ಸೂಕ್ಷ್ಮಜೀವಿಗಳಿಗೆ ವಿಷ. ಅವು ತಾಗಿದಲ್ಲಿ ನೂಲು ಉಳಿಯುತ್ತದೆ. ಬ್ರೋಚಿನ ಹಿಂಬದಿಯ ಕಬ್ಬಿಣದ ಸೂಜಿಯ ತುಕ್ಕು ಎಳೆಗಳ ಒಳಗಿಳಿದು ಅವುಗಳ ಆಕಾರವನ್ನೇ ಅಚ್ಚೊತ್ತಿದಂತೆ ಉಳಿಸುತ್ತದೆ. ಹೀಗೆ ಉಳಿದ ನಾರುಬಟ್ಟೆಯ ಕುಣಿಕೆಗಳನ್ನು, ನೆರಿಗೆ ಹಿಡಿದ ಒಳ ಅಂಗಿಯ ತುಣುಕುಗಳನ್ನು ಜವಳಿ ತಜ್ಞೆ ಆಗ್ನೆಸ್ ಯೈಯರ್ ಪರಿಶೀಲಿಸಿ 1938ರಲ್ಲಿ ಪ್ರಕಟಿಸಿದರು. ಲೋಹ ತಾಗದ ಕಡೆ ಬಟ್ಟೆಯೇ ಇಲ್ಲವಾದ್ದರಿಂದ ಉಡುಗೆಯ ಪೂರ್ಣ ರೂಪದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ಎರಡು ಬ್ರೋಚುಗಳ ನಡುವೆ ಮಣಿಸರ ಇಳಿಬೀಳುತ್ತಿತ್ತು: ಗಾಜು, ಸ್ಫಟಿಕ, ಬಾಲ್ಟಿಕ್ ಕಡಲಂಚಿನ ಅಂಬರ್, ಪೂರ್ವದಿಂದ ಬಂದ ಕೆಂಪು ಕಾರ್ನೀಲಿಯನ್. ರೀಬೆಯ ಕುಶಲಕರ್ಮಿಗಳು ಹಳೆಯ ರೋಮನ್ ಮೊಸಾಯಿಕ್ ಗಾಜಿನ ತುಂಡುಗಳನ್ನು ಕರಗಿಸಿಯೂ ಮಣಿ ಮಾಡಿದ್ದಾರೆ. ಬ್ರೋಚಿನಿಂದ ಚಾಕು, ಕತ್ತರಿ, ಕೀಲಿಗಳೂ ತೂಗುತ್ತಿದ್ದವು. ಬಿರ್ಕಾದ ಒಂದು ಗೋರಿಯಲ್ಲಿ ಕೂಫಿ ಶೈಲಿಯ ಅರಬಿ ಅಕ್ಷರಗಳಿದ್ದ ಬೆಳ್ಳಿಯ ಉಂಗುರ ಸಿಕ್ಕಿತು. ಅದರ ಹರಳು ನೇರಳೆ ಬಣ್ಣದ ಅಮೆಥಿಸ್ಟ್ ಎಂದು ಬಹುಕಾಲ ನಂಬಲಾಗಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆ ಅದು ಬಣ್ಣದ ಗಾಜೆಂದು 2015ರಲ್ಲಿ ತೋರಿಸಿತು. ಉಂಗುರದ ಮೇಲೆ ಅರದ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಅಂದರೆ ಅದು ಹೆಚ್ಚು ಕೈ ಬದಲಾಯಿಸದೆ ಉತ್ತರಕ್ಕೆ ಬಂದಿರಬೇಕು.

ಪೂರ್ವದೊಂದಿಗಿನ ಈ ನಂಟಿಗೆ ಬರಹದ ಸಾಕ್ಷಿಯೂ ಇದೆ. 922ರಲ್ಲಿ ವೋಲ್ಗಾ ದಂಡೆಯಲ್ಲಿ ಸ್ಕ್ಯಾಂಡಿನೇವಿಯ ಮೂಲದ ರೂಸ್ ವ್ಯಾಪಾರಿಗಳನ್ನು ಕಂಡ ಅರಬ್ ಪ್ರವಾಸಿ ಇಬ್ನ್ ಫದ್ಲಾನ್, ಅವರ ಹೆಂಗಸರು ಎದೆಯ ಮೇಲೆ ಗಂಡನ ಸಿರಿವಂತಿಕೆಗೆ ತಕ್ಕ ಲೋಹದ ಕರಡಿಗೆ ತೊಡುತ್ತಿದ್ದರೆಂದೂ, ಗಂಡನ ಪ್ರತಿ ಹತ್ತು ಸಾವಿರ ದಿರ್ಹಮ್ ಬೆಳ್ಳಿ ನಾಣ್ಯಕ್ಕೆ ಒಂದು ಕತ್ತಿನ ಪಟ್ಟಿ ಸೇರುತ್ತಿತ್ತೆಂದೂ ಬರೆದಿದ್ದಾನೆ.

ಒಡವೆ ಕಂಡರೆ ಹೆಣ್ಣು, ಆಯುಧ ಕಂಡರೆ ಗಂಡು ಎಂಬ ಹಳೆಯ ಲೆಕ್ಕವನ್ನು ಮಾತ್ರ ಈಗ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಬಿರ್ಕಾದಲ್ಲಿ ಕತ್ತಿ, ಕೊಡಲಿ, ಎರಡು ಕುದುರೆಗಳೊಂದಿಗೆ ಹೂತ ವ್ಯಕ್ತಿ ಹೆಣ್ಣೆಂದು 2017ರಲ್ಲಿ ಪ್ರಕಟವಾದ ಡಿಎನ್ಎ ಪರೀಕ್ಷೆ ತೋರಿಸಿದೆ.

10ನೇ ಶತಮಾನ ಮುಗಿಯುವ ಹೊತ್ತಿಗೆ ಜೋಡಿ ಬ್ರೋಚುಗಳ ಬಳಕೆ ನಿಂತಿತು. ಕ್ರೈಸ್ತ ಮತ ಹಬ್ಬಿದಂತೆ ಗೋರಿಯಲ್ಲಿ ವಸ್ತುಗಳನ್ನಿಡುವ ಪದ್ಧತಿಯೂ ಮರೆಯಾಯಿತು. ನಂತರದ ಒಡವೆಗಳ ಅಧ್ಯಯನಕ್ಕೆ ಹೆಚ್ಚಾಗಿ ಒದಗುವುದು ನೆಲದಲ್ಲಿ ಹೂತಿಟ್ಟ ಬೆಳ್ಳಿಯ ನಿಧಿಗಳು.