ಅಪ್ಪನ ವಹಿ

ಬೈಲಹೊಂಗಲದ ನಮ್ಮ ಮನೆಯ ಅಂಗಳವು ಹಲವು ಸಂಗತಿಗಳನ್ನು ಕಂಡಿದೆ. ಅಲ್ಲಿ ಹತ್ತಿಯ ಅಂಡಿಗೆಗಳು ಬಿದ್ದುಕೊಂಡಿದ್ದ ಕಾಲವೊಂದಿತ್ತು. ನನ್ನ ಅಕ್ಕಂದಿರ ಮದುವೆಯ ಹಂದರಗಳು ಎದ್ದದ್ದೂ ಅಲ್ಲಿಯೇ. ಆದರೆ ಒಂದು ಮೋಟಾರು ಗಾಡಿಯ ಎಂಜಿನು ಬೇವಿನ ಮರದ ನೆರಳಿನಲ್ಲಿ ಸರಪಳಿಗೆ ಜೋತುಬಿದ್ದು ತೊಟ್ಟಿಲಿನಂತೆ ತೂಗಾಡಿದ್ದನ್ನು ಅದು ಕಂಡದ್ದು ೨೦೨೫ರ ಬೇಸಿಗೆಯಲ್ಲಿಯೇ ಮೊದಲು. ಕನ್ನಡ ಕಲಿಸಿ ಹೊಟ್ಟೆ ಹೊರೆಯುವವನಿಗೂ ಎಂಜಿನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಹಾಗೆ ತಿಳಿದದ್ದರಿಂದಲೇ ಈ ಕಥೆ ನಡೆಯಿತು.

ಗಾಡಿ ಮಾರುತಿ ೮೦೦. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೇ ಕಾರುಗಳೆನಿಸಿಕೊಂಡಿದ್ದ ಕಾಲದಲ್ಲಿ, ೧೯೮೩ರ ಡಿಸೆಂಬರ ೧೪ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಗಾಡಿಯ ಕೀಲಿಕೈಯನ್ನು ದಿಲ್ಲಿಯ ಒಬ್ಬ ಗೃಹಸ್ಥರ ಕೈಗಿತ್ತರು. ಅಲ್ಲಿಂದ ೨೦೧೪ರ ಜನವರಿಯಲ್ಲಿ ಅದರ ತಯಾರಿಕೆ ನಿಲ್ಲುವವರೆಗೆ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿ ಗಾಡಿಗಳು ಈ ದೇಶದಲ್ಲಿ ಮಾರಾಟವಾದವು. ಅವುಗಳಲ್ಲಿ ಒಂದನ್ನು ನನ್ನ ತಂದೆ ೧೯೯೮ರಲ್ಲಿ ಕೊಂಡರು. ಅವರು ಪ್ರಾಥಮಿಕ ಶಾಲೆಯ ಮಾಸ್ತರರು; ಅದೇ ವರ್ಷ ನಿವೃತ್ತರಾದವರು. ಜೀವಮಾನವೆಲ್ಲ ಸೈಕಲ್ಲಿನ ಮೇಲೆ ಹಳ್ಳಿಯಿಂದ ಹಳ್ಳಿಗೆ ವರ್ಗವಾಗುತ್ತ ತಿರುಗಿದ ಮನುಷ್ಯ, ಕೈಗೆ ಬಂದ ನಿವೃತ್ತಿಯ ಹಣದ ಬಹುಭಾಗವನ್ನು ಆ ಬಿಳಿಯ ಪುಟ್ಟ ಗಾಡಿಗೆ ಸುರಿದಾಗ ಊರವರು ನಕ್ಕಿದ್ದರು.

ಗಾಡಿಯೊಡನೆ ಒಂದು ವಹಿಯೂ ಮನೆಗೆ ಬಂತು. ಕೆಂಪು ಬಟ್ಟೆಯ ರಟ್ಟಿನ, ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವಂಥ ಉದ್ದ ವಹಿ. ತಲಬಾಗಿಲ ಒಳಗಿನ ಮೊಳೆಗೆ ಅದು ದಾರದಿಂದ ತೂಗಿರುತ್ತಿತ್ತು. ತಂದೆಯವರು ಅದರಲ್ಲಿ ಗಾಡಿಯ ಸಮಾಚಾರವನ್ನು ಬರೆಯುವರು. ನಾನು ಅದನ್ನು ಒಮ್ಮೆಯೂ ತೆರೆದು ನೋಡಿದವನಲ್ಲ.

ಗಾಡಿ ಓಡಿಸುವದನ್ನು ಅವರು ಎಂದೋ ನನಗೆ ಬಿಟ್ಟಿದ್ದರು. ಆದರೆ ಅದರ ಆರೈಕೆಯನ್ನು ಬಿಟ್ಟಿರಲಿಲ್ಲ. ಗ್ಲಾಕೋಮಾ ಎಂಬ ಕಣ್ಣಿನ ಬೇನೆ ಸದ್ದಿಲ್ಲದೆ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತ ಬಂದು, ೨೦೨೩ರ ಕೊನೆಗೆ ಅವರಿಗೆ ಅಕ್ಷರಗಳು ಕಾಣದಾದವು. ಅಂದಿನಿಂದ ನಾನು ಹೊರಡುವಾಗ ಕಟ್ಟೆಯ ಮೇಲಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: “ನೀರ ನೋಡಿದೇನ ತಮ್ಮಾ?”

“ನೋಡೀನ್ರಿ ಅಪ್ಪಾ” ಎಂದು ನಾನು ತಪ್ಪದೆ ಹೇಳುತ್ತಿದ್ದೆ. ಒಂದು ದಿನವೂ ನೋಡುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಳಗಾವಿಗೆ ಹೊರಟಿದ್ದೆ. ಮುಗುಟಖಾನ ಹುಬ್ಬಳ್ಳಿಯಲ್ಲಿ ಹೆದ್ದಾರಿಯನ್ನು ಸೇರಿ ಕೆಲವು ಮೈಲಿ ಹೋದ ಮೇಲೆ ಸುಟ್ಟ ರಬ್ಬರಿನ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನದಿರಬೇಕೆಂದು ಅಲಕ್ಷಿಸಿದೆ. ಉಷ್ಣತೆ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಆ ಮುಳ್ಳು ನೀರಿನ ಬಿಸಿಯನ್ನು ಅಳೆಯುವದೇ ಹೊರತು ಎಂಜಿನಿನ ಬಿಸಿಯನ್ನಲ್ಲವೆಂದೂ, ನೀರೆಲ್ಲ ಸೋರಿ ಬತ್ತಿಹೋದರೆ ಅದು ಏನೂ ಆಗಿಲ್ಲವೆಂಬಂತೆ ಸುಮ್ಮನಿರಬಹುದೆಂದೂ ಅಂದು ನನಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗಾಡಿ ಏದುಸಿರು ಬಿಟ್ಟಿತು, ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಯಿತು, ನಿಂತಿತು. ಸಂಜೆಗೆ ಅದನ್ನು ಹಗ್ಗ ಕಟ್ಟಿ ಎಳೆದು ತಂದರು. ಅಂಗಳದೊಳಕ್ಕೆ ಅದನ್ನು ನೂಕುವಾಗ ಗಾಲಿಗಳ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ತಂದೆಯವರು ಕಟ್ಟೆಯ ಮೇಲೆ ಎದ್ದು ನಿಂತರು, ಏನನ್ನೂ ಕೇಳಲಿಲ್ಲ.

ಮರುದಿನ ಬಂದು ನೋಡಿದವನು ನನ್ನ ಹಳೆಯ ವಿದ್ಯಾರ್ಥಿ. ಪಿಯುಸಿಯಲ್ಲಿ ಕನ್ನಡದ ಪತ್ರಿಕೆಯಲ್ಲಿಯೇ ಎರಡು ಸಲ ನಪಾಸಾದವನು. ಈಗ ಊರಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಎಣ್ಣೆ ಹಾಕುವ ಮುಚ್ಚಳ ತೆಗೆದು ಬೆರಳಿಟ್ಟು ತೋರಿಸಿದ. ಎಣ್ಣೆಯೊಳಗೆ ನೀರು ಬೆರೆತು ಹಾಲು ಹೆಚ್ಚಾದ ಚಹದ ಬಣ್ಣ ಬಂದಿತ್ತು.

“ಕೆಳಗಿನ ಹೋಸ್ ಪೈಪ್ ಒಡದೇತ್ರಿ ಸರ. ನೀರೆಲ್ಲಾ ಹೋಗೇತಿ. ಹೆಡ್ ಡೊಂಕ ಆಗೇತಿ, ಗ್ಯಾಸ್ಕೆಟ್ ಸುಟ್ಟೇತಿ, ಪಿಸ್ಟನ್ ಬೋರಿಗೆ ಕಚಗೊಂಡಾವ. ಇದರ ಕಥೀ ಮುಗದಂಗ.”

ಆ ಎಂಜಿನಿನ ತಲೆಯ ಭಾಗ ಅಲ್ಯುಮಿನಿಯಮ್ಮಿನದು. ಅತಿಯಾಗಿ ಕಾದರೆ ಅದು ಕೂದಲೆಳೆಯಷ್ಟು ಬಾಗುತ್ತದೆ. ಅಷ್ಟೇ ಸಾಕು, ನೀರಿನ ದಾರಿ ಎಣ್ಣೆಯ ದಾರಿಯೊಡನೆ ಕೂಡಿಬಿಡುತ್ತದೆ. ಬೋರು ಕೊರೆಸಿ ಹೊಸ ಪಿಸ್ಟನ್ ಹಾಕಿಸುವ ಖರ್ಚಿಗಿಂತ ಇನ್ನೊಂದು ಎಂಜಿನನ್ನೇ ತಂದು ಕೂಡಿಸುವದು ಅಗ್ಗವೆಂದು ಅವನು ಲೆಕ್ಕ ಹೇಳಿದ. ನನ್ನ ಬಂಧುಗಳು ಬೇರೆ ಲೆಕ್ಕ ಹೇಳಿದರು. ೨೦೨೧ರಲ್ಲಿ ಕೇಂದ್ರ ಸರಕಾರವು ಹಳೆಯ ವಾಹನಗಳನ್ನು ಒಡೆಯುವ ಧೋರಣೆಯನ್ನು ಜಾರಿಗೆ ತಂದಿದೆ. ಇಪ್ಪತ್ತೇಳು ವರ್ಷದ ಗಾಡಿಯನ್ನು ಅಲ್ಲಿಗೆ ಕೊಟ್ಟು ಹೊಸದನ್ನು ತೆಗೆದುಕೊಳ್ಳಬಾರದೇ ಎಂದರು. ಮಾತಿನಲ್ಲಿ ಅರ್ಥವಿತ್ತು. ಆದರೆ ಗಾಡಿಯನ್ನು ಕೊಂದವನು ನಾನು. ಕೊಂದವನೇ ಗುಜರಿಗೆ ಸಾಗಿಸಿ ಕೈ ತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಗ್ಯಾರೇಜಿನಲ್ಲಿ ಜಾಗವಿಲ್ಲ, ಅಂಗಳದಲ್ಲಿಯೇ ಮಾಡೋಣವೆಂದ ಹುಡುಗ. “ನೀವ ಒಬ್ಬರು ಕೈಗೂಡ್ರಿ ಸರ, ಸಾಕು.”

ಈ ಹುಡುಗನ ಅಜ್ಜ ಬಾವಿಗಳ ಮೇಲಿನ ಎಣ್ಣೆ ಎಂಜಿನುಗಳನ್ನು ದುರಸ್ತಿ ಮಾಡುತ್ತಿದ್ದವನು. ನಮ್ಮ ಜಿಲ್ಲೆಗೆ ಎಂಜಿನಿನ ನಂಟು ಹೊಸದಲ್ಲ. ೧೮೬೯ರಲ್ಲಿ ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ ಕಬ್ಬಿಣದ ನೇಗಿಲಿಗೆ ಬಂದು, ೧೯೧೦ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದ ಹೆಸರು ಹೊತ್ತ ಎಂಜಿನುಗಳು ನಮ್ಮ ಕರಿಯ ನೆಲದ ಬಾವಿಗಳ ಮೇಲೆ ದಶಕಗಳ ಕಾಲ ಡುಗುಡುಗುಟ್ಟಿದವು. ಅವನ್ನು ಬಿಚ್ಚಿ ಕೂಡಿಸಿದ ಕೈಗಳ ಮೊಮ್ಮಕ್ಕಳೇ ಇಂದು ನಮ್ಮ ಊರುಗಳಲ್ಲಿ ಪಾನಾ ಹಿಡಿದವರು.

ಹುಬ್ಬಳ್ಳಿಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಎಂಜಿನು ಸಿಕ್ಕಿತು. ಹಿಂದಿನಿಂದ ಪೆಟ್ಟು ತಿಂದು ಜಜ್ಜಿಹೋಗಿದ್ದ ಅದೇ ಮಾದರಿಯ ಗಾಡಿಯದು, ೭೯೬ ಸಿ.ಸಿ.ಯ ಅದೇ ಮೂರು ಸಿಲಿಂಡರಿನ ಎಂಜಿನು. ಹುಡುಗ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಗೆ ಒಂದೊಂದಾಗಿ ಒತ್ತಡದ ಮಾಪಕವನ್ನು ತಿರುವಿ ನೋಡಿದ. ಮೂರರಲ್ಲಿಯೂ ಒತ್ತಡ ಸರಿಸುಮಾರು ಒಂದೇ ಇರಬೇಕು. ಒಂದರಲ್ಲಿ ಬಹಳ ಕಡಿಮೆಯಾದರೆ ಎಷ್ಟು ಅಗ್ಗವಾದರೂ ಮುಟ್ಟಬಾರದಂತೆ. ೧೮,೦೦೦ ರೂಪಾಯಿಗೆ ವ್ಯವಹಾರ ಕುದುರಿತು. ಹಳೆಯ ಗಾಡಿಯ ಕಾಗದಪತ್ರಗಳ ಪ್ರತಿಯನ್ನೂ ಪಾವತಿಯನ್ನೂ ಪಡೆಯದೆ ಹುಡುಗ ಅಲ್ಲಿಂದ ಏಳಲಿಲ್ಲ. ಎಂಜಿನು ಬದಲಿಸುವದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿಗೆ ಒಳಪಟ್ಟ ವಿಷಯ. ಹೊಸ ಎಂಜಿನಿನ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಬೇಕು, ಇಲ್ಲವಾದರೆ ಮುಂದೆ ವಿಮೆಯೂ ಇಲ್ಲ, ನವೀಕರಣವೂ ಇಲ್ಲ. ಕೆ.ಎ. ೨೪ ಎಂಬ ಸಂಖ್ಯೆಯ ಸಾರಿಗೆ ಕಚೇರಿ ನಮ್ಮ ಊರಿನಲ್ಲಿಯೇ ಇದೆ. ಕೆಲಸಕ್ಕೆ ಕೈ ಹಚ್ಚುವ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ಪಡೆದೆ. ಎಂಜಿನಿನ ಮೇಲೆ ಕೊರೆದ ಅಂಕಿಗಳ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಹುಡುಗ ಅಚ್ಚು ತೆಗೆದಾಗ, ಸವದತ್ತಿಯ ರಟ್ಟರ ಶಾಸನಗಳ ಪಡಿಯಚ್ಚುಗಳನ್ನು ವಿದ್ಯಾರ್ಥಿಗಳಿಗೆ ವಿವರಿಸಿದ ನನಗೆ ನಗು ಬಂತು. ಸಾಕ್ಷಿ ಹೇಳುವದು ಅಲ್ಲಿಯೂ ಅಚ್ಚೇ, ಇಲ್ಲಿಯೂ ಅಚ್ಚೇ.

ಶನಿವಾರ ಮಧ್ಯಾಹ್ನ ಕೆಲಸ ಆರಂಭವಾಯಿತು. ಮೊದಲು ಬ್ಯಾಟರಿಯ ತಂತಿ ಬಿಚ್ಚುವದು. ಆಮೇಲೆ ಎಣ್ಣೆ ಇಳಿಸುವದು. ಬಾನೆಟ್ಟು, ರೇಡಿಯೇಟರು, ಕಾರ್ಬ್ಯುರೇಟರಿನ ಕೇಬಲುಗಳು, ಪೆಟ್ರೋಲಿನ ನಳಿಕೆ, ಸೈಲೆನ್ಸರಿನ ನಟ್ಟುಗಳು. ಬಿಚ್ಚಿದ್ದನ್ನೆಲ್ಲ ಹುಡುಗ ಬಿಚ್ಚಿದ ಕ್ರಮದಲ್ಲಿಯೇ ಗೋಣಿತಟ್ಟಿನ ಮೇಲೆ ಸಾಲಾಗಿ ಜೋಡಿಸಿದ. ಪ್ರತಿ ತಂತಿಗೆ ಚೀಟಿ ಅಂಟಿಸಿ ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮರಾಠಿಯಿಂದ ಬಂದ ಪಾನಾ, ಇಂಗ್ಲಿಷಿನಿಂದ ಬಂದ ಹೋಸು, ಅಚ್ಚಗನ್ನಡದ ಹಲ್ಲು, ಕಿವಿ, ಬಾಯಿ ಎಲ್ಲವೂ ಅವನ ಮಾತಿನಲ್ಲಿ ಜಗಳವಿಲ್ಲದೆ ಕೂಡಿಕೊಂಡಿದ್ದವು. ಪರಿಭಾಷೆಯ ಬಗ್ಗೆ ತಾಸುಗಟ್ಟಲೆ ಭಾಷಣ ಮಾಡಿದ ನಾನು ಬಾಯಿ ಮುಚ್ಚಿಕೊಂಡು ಬರೆದೆ.

ಬೇವಿನ ಟೊಂಗೆಗೆ ಸರಪಳಿ ಹಾಕೋಣವೆಂದಾಗ ಅವನು ಒಪ್ಪಲಿಲ್ಲ. ಕೊಳವೆಬಾವಿಯ ಪಂಪು ಮೇಲೆತ್ತುವ ಮೂರು ಕಾಲಿನ ಕಬ್ಬಿಣದ ನಿಲುವನ್ನು ತರಿಸಿ, ಅದಕ್ಕೆ ಚೈನ್ ಪುಲ್ಲಿ ತೂಗಿಹಾಕಿದ. ಗೇರುಪೆಟ್ಟಿಗೆಗೆ ಕೆಳಗಿನಿಂದ ಜಾಕಿನ ಆಸರೆ ಕೊಟ್ಟು, ಎರಡನ್ನೂ ಕೂಡಿಸಿದ ಬೋಲ್ಟುಗಳನ್ನು ತೆಗೆದು, ಸರಪಳಿಯನ್ನು ಒಂದೊಂದೇ ಗೇಣು ಎಳೆದಾಗ ಎಂಜಿನು ಮೆಲ್ಲನೆ ಹೊರಬಂತು. ಅಷ್ಟು ಹೊತ್ತೂ ಕಟ್ಟೆಯ ಮೇಲೆ ಕುಳಿತು ಒಂದೊಂದು ಸದ್ದನ್ನೂ ಆಲಿಸುತ್ತಿದ್ದ ತಂದೆಯವರು, “ಹೊರಗ ಬಂತೇನು?” ಎಂದರು. “ಬಂತ್ರಿ ಮಾಸ್ತರ” ಎಂದ ಹುಡುಗ. ಅವರು ಕೋಲೂರಿ ಇಳಿದು ಬಂದು, ತೂಗುತ್ತಿದ್ದ ಆ ಕರಿಯ ಮುದ್ದೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು, ಮರಳಿ ಹೋಗಿ ಕುಳಿತರು.

ಭಾನುವಾರ ಕೂಡಿಸುವ ಕೆಲಸ. ಎಂಜಿನು ಹೊರಗಿದ್ದಾಗಲೇ ಹೊಸ ಕ್ಲಚ್ ಪ್ಲೇಟು, ಟೈಮಿಂಗ್ ಬೆಲ್ಟು, ನೀರಿನ ಪಂಪು, ಎಣ್ಣೆ ತಡೆಯುವ ಸೀಲುಗಳನ್ನು ಹಾಕಿದ. ಒಳಗೆ ಹೋದ ಮೇಲೆ ಇದೇ ಕೆಲಸಕ್ಕೆ ಮೂರು ಪಟ್ಟು ವೇಳೆ ಬೇಕಂತೆ. ಗೇರುಪೆಟ್ಟಿಗೆಯ ದಂಡದ ಹಲ್ಲುಗಳು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ನೇರವಾಗಿ ಕೂಡಬೇಕು. ಪ್ಲೇಟು ಎಳ್ಳಷ್ಟು ಆಚೀಚೆ ಇದ್ದರೂ ಎಂಜಿನು ಒಳಗೆ ಹೋಗದು. ನಾನು ಜೋರಿನಿಂದ ನೂಕಹೋದಾಗ ಹುಡುಗ ಕೈ ಹಿಡಿದ: “ಜೋರ ಮಾಡಬ್ಯಾಡ್ರಿ ಸರ. ಕೂಡೂದಿದ್ದರ ತಾನ ಕೂಡತೈತಿ.” ಹಲ್ಲೆರಡು ತಿರುಗಿಸಿ ಮೆಲ್ಲನೆ ಅಲುಗಿಸಿದ. ಕೂಡಿತು.

ದೀಪ ಹಚ್ಚುವ ಹೊತ್ತಿಗೆ ಕೀಲಿ ತಿರುವಿದೆವು. ಎಂಜಿನು ಹೊತ್ತುವ ಬದಲು ಕಾರ್ಬ್ಯುರೇಟರಿನೊಳಗಿಂದ ಫಟ್ಟೆಂದು ಸಿಡಿಯಿತು. ಮತ್ತೊಮ್ಮೆ ತಿರುವಿದರೆ ಮತ್ತೆ ಸಿಡಿಯಿತು. ಹುಡುಗ ಬೆವರು ಒರೆಸಿಕೊಂಡ. ಕಟ್ಟೆಯಿಂದ ಶಾಂತವಾಗಿ ಮಾತು ಬಂತು:

“ಪ್ಲಗ್ಗಿನ ವಾಯರ್ ಯಾರು ಹಾಕಿದ್ರಿ?”

ಹಾಕಿದವನು ನಾನು. ಒಂದು, ಎರಡು, ಮೂರು ಎಂದು ಎಣಿಸಿ ಕ್ರಮವಾಗಿ ಹಾಕಿದ್ದೆ.

“ಒಂದು, ಮೂರು, ಎರಡು. ವಹಿಯ ಮೊದಲನೇ ಪುಟದಾಗ ಬರದೈತಿ” ಎಂದರು ತಂದೆ.

ತಂತಿಗಳೆರಡನ್ನು ಅದಲುಬದಲು ಮಾಡಿದೆವು. ಎಂಜಿನು ಹೊತ್ತಿತು. ಮೂರು ಸಿಲಿಂಡರಿನ ಆ ಗುರುಗುರು ಸದ್ದು ಅಂಗಳವನ್ನು ತುಂಬಿದಾಗ ಹುಡುಗ ಮಗುವಿನಂತೆ ನಕ್ಕ.

ಆ ರಾತ್ರಿ ನಾನು ವಹಿಯನ್ನು ಮೊಳೆಯಿಂದ ಇಳಿಸಿದೆ. ಮೊದಲ ಪುಟದಲ್ಲಿ ಕೆಂಪು ಶಾಯಿಯ ಗೆರೆಯ ಕೆಳಗೆ ಸಿಲಿಂಡರುಗಳು ಹೊತ್ತುವ ಕ್ರಮ, ಟಯರಿನ ಗಾಳಿ, ಎಣ್ಣೆಯ ಪ್ರಮಾಣ. ಮುಂದೆ ಇಪ್ಪತ್ತೈದು ವರ್ಷಗಳ ಲೆಕ್ಕ, ಕರಿಹಲಗೆಯ ಮೇಲೆ ತಿದ್ದಿದಂಥ ದುಂಡಕ್ಷರದಲ್ಲಿ: ತಾರೀಖು, ಓಡಿದ ಕಿಲೋಮೀಟರು, ಮಾಡಿದ ಕೆಲಸ. ನಡುನಡುವೆ ಲೆಕ್ಕವಲ್ಲದ ಮಾತುಗಳೂ ಇದ್ದವು. ನನಗೆ ನೌಕರಿ ಸಿಕ್ಕ ದಿನ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದದ್ದು. ನನ್ನ ತಾಯಿಯನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದ ದಿನ ಎಷ್ಟು ಕಿಲೋಮೀಟರು ಆಯಿತೆಂಬುದು. ಬರಬರುತ್ತ ಅಕ್ಷರಗಳು ದೊಡ್ಡವಾಗಿ, ಸಾಲುಗಳು ಓರೆಯಾಗಿ ಇಳಿದಿದ್ದವು. ಕೊನೆಯ ಸಾಲು ೨೦೨೩ರ ನವೆಂಬರಿನದು. ಒಂದರ ಮೇಲೊಂದು ಬಿದ್ದ ಅಕ್ಷರಗಳನ್ನು ಬಿಡಿಸಿ ಓದಿದೆ: ರೇಡಿಯೇಟರಿನ ಕೆಳಗಿನ ರಬ್ಬರು ನಳಿಕೆ ಮೆತ್ತಗಾಗಿದೆ, ಬರುವ ಬೇಸಿಗೆಯೊಳಗಾಗಿ ಬದಲಿಸುವದು.

ತಾಳೆಗರಿಯ ಓಲೆಗಳನ್ನು ಹುಡುಕಿಕೊಂಡು ಮಠದಿಂದ ಮಠಕ್ಕೆ ಅಲೆದವನು ನಾನು.

ವಹಿಯನ್ನು ಹಿಡಿದು ಹೊರಗೆ ಬಂದೆ. ತಂದೆಯವರು ಇನ್ನೂ ಎಚ್ಚರವಿದ್ದರು. “ಅಪ್ಪಾ, ನಾ ನೀರು ನೋಡತಿದ್ದಿಲ್ರಿ” ಎಂದೆ.

“ಗೊತ್ತೈತಿ” ಎಂದರು. “ದಿನಾ ನೋಡೀನಿ ಅಂತಿದ್ದಿ. ಬಾನೆಟ್ ಎತ್ತಿದ ಸಪ್ಪಳ ಒಂದ ದಿನಾನೂ ಬರಲಿಲ್ಲ.”

“ಮತ್ತ ಯಾಕ ಅನ್ನಲಿಲ್ರಿ?”

“ಅಂದಿದ್ರ ಆ ಸುಳ್ಳ ಹೇಳೂದನ್ನೂ ಬಿಡತಿದ್ದಿ. ಕೇಳಿದ್ದಕ್ಕ ಉತ್ತರಾನಾದರೂ ಬರತಿತ್ತಲ್ಲ.”

ಬಹಳ ಹೊತ್ತಿನ ಮೇಲೆ ಅವರೇ ಲೆಕ್ಕಣಿಕೆ ತರಲು ಹೇಳಿದರು. ಸುಮಾರು ಒಂದೂವರೆ ವರ್ಷದ ನಂತರ ವಹಿಯಲ್ಲಿ ನನ್ನ ಅಕ್ಷರದ ಮೊದಲ ಸಾಲು ಬಿತ್ತು: ತಾರೀಖು, ಹೊಸ ಎಂಜಿನಿನ ಸಂಖ್ಯೆ, ಹಾಕಿದ ಸಾಮಾನುಗಳು, ಹೊಸ ಹೋಸು. ಗಟ್ಟಿಯಾಗಿ ಓದಿ ತೋರಿಸಿದೆ. ಪರೀಕ್ಷಕನಂತೆ ಕೇಳಿದ ಅವರು, “ಕಿಲೋಮೀಟರ್ ಬರದಿಲ್ಲ” ಎಂದರು. ಬ್ಯಾಟರಿ ದೀಪ ಹಿಡಿದು ಅಂಗಳಕ್ಕಿಳಿದು ಅಂಕಿಯನ್ನು ನೋಡಿಕೊಂಡು ಬಂದು ಬರೆದೆ.

ಈಗ ದಿನವೂ ಬೆಳಿಗ್ಗೆ, ಎಂಜಿನು ತಣ್ಣಗಿರುವಾಗ ಬಾನೆಟ್ಟನ್ನು ಎತ್ತುತ್ತೇನೆ. ನೀರು ನೋಡುತ್ತೇನೆ, ಎಣ್ಣೆಯ ಕಡ್ಡಿ ಒರೆಸಿ ನೋಡುತ್ತೇನೆ. ಮುಚ್ಚುವಾಗ ಅವಶ್ಯಕ್ಕಿಂತ ಸ್ವಲ್ಪ ಜೋರಾಗಿಯೇ ಮುಚ್ಚುತ್ತೇನೆ. ಆದರೂ ಕಟ್ಟೆಯ ಮೇಲಿನಿಂದ ಪ್ರಶ್ನೆ ಬರುವದು ನಿಂತಿಲ್ಲ.