ಹಗಲೂ ಇರುಳೂ ನಂಬರ್ ಪ್ಲೇಟ್ ಓದುವ ಕ್ಯಾಮೆರಾ

ನಂಬರ್ ಪ್ಲೇಟ್ ಓದುವ ಕ್ಯಾಮೆರಾದ ಕೆಲಸವೇ ಬೇರೆ, ಗೇಟಿನ ಮಾಮೂಲಿ ಸಿಸಿಟಿವಿಯ ಕೆಲಸವೇ ಬೇರೆ. ಯಾರು ಬಂದರು, ಎತ್ತ ತಿರುಗಿದರು ಎಂಬುದನ್ನು ತೋರಿಸಬೇಕಾದ ಸಿಸಿಟಿವಿ ಆದಷ್ಟು ಅಗಲದ ನೋಟವನ್ನು ಹಿಡಿಯುತ್ತದೆ. ಪ್ಲೇಟ್ ಓದಬೇಕಾದದ್ದು ರಸ್ತೆಯ ಒಂದು ಕಿರಿದಾದ ಪಟ್ಟಿಯನ್ನಷ್ಟೇ ನೋಡಬೇಕು. ಎರಡನ್ನೂ ಒಂದೇ ಕ್ಯಾಮೆರಾದಿಂದ ಮಾಡಿಸಹೊರಟ ಕಡೆ, ಕಳ್ಳತನವಾದ ಮೇಲೆ ರೆಕಾರ್ಡಿಂಗ್ ತೆಗೆದು ನೋಡಿದರೆ ಕಾರು ಕಾಣುತ್ತದೆ, ನಂಬರಿನ ಜಾಗದಲ್ಲಿ ಬಿಳಿಯ ಮಸುಕು ಮಾತ್ರ ಇರುತ್ತದೆ. ಆಮೇಲೆ ಎಷ್ಟು ಹಿಗ್ಗಿಸಿದರೂ ಸೆರೆಯಾಗದ ಅಕ್ಷರ ಮೂಡುವುದಿಲ್ಲ.

ಮೊದಲನೆಯ ಲೆಕ್ಕ ಪಿಕ್ಸೆಲ್‌ಗಳದು. ಕಾರಿನ ಉದ್ದನೆಯ ಪ್ಲೇಟಿನ ಅಗಲ 500 ಮಿಲಿಮೀಟರ್. ಅದನ್ನು ನೆಚ್ಚಿಕೊಂಡು ಓದಲು ಚಿತ್ರದಲ್ಲಿ ಅದರ ಅಗಲಕ್ಕೆ ಸುಮಾರು 130ರಿಂದ 150 ಪಿಕ್ಸೆಲ್ ಸಿಗಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. ಅದರ 2.8 ಮಿಲಿಮೀಟರ್ ಲೆನ್ಸ್ 10 ಮೀಟರ್ ದೂರದಲ್ಲಿ 20 ಮೀಟರಿನಷ್ಟು ಅಗಲದ ದೃಶ್ಯವನ್ನು ಹಿಡಿಯುವುದರಿಂದ ಪ್ಲೇಟಿನ ಪಾಲಿಗೆ ಬರುವುದು 50ಕ್ಕಿಂತ ಕಡಿಮೆ. ಅದೇ ಕ್ಯಾಮೆರಾಕ್ಕೆ 12 ಮಿಲಿಮೀಟರ್ ಲೆನ್ಸ್ ಹಾಕಿದರೆ ನೋಟ 5 ಮೀಟರಿನೊಳಗೆ ಕಿರಿದಾಗಿ, ಪ್ಲೇಟಿಗೆ 200 ಪಿಕ್ಸೆಲ್ ದಕ್ಕುತ್ತದೆ. ಸ್ಕೂಟರಿನ ಹಿಂದಿನ ಪ್ಲೇಟ್ 200 ಮಿಲಿಮೀಟರ್ ಅಗಲದ್ದು. ಅದಕ್ಕೆ ಸಿಗುವುದು 80 ಪಿಕ್ಸೆಲ್. ನಂಬರು ಎರಡು ಸಾಲಿನಲ್ಲಿರುವುದರಿಂದ ಅಷ್ಟರಲ್ಲಿ ಕೆಲಸ ನಡೆಯುತ್ತದೆ. ಲೆನ್ಸ್ ಬದಲಿಸದೆ 8 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಳ್ಳುವುದು ದುಡ್ಡು ದಂಡ: ಅಗಲದ ಪಿಕ್ಸೆಲ್ ಎರಡರಷ್ಟಾಗುತ್ತದೆ ಅಷ್ಟೆ, ಒಂದೊಂದು ಪಿಕ್ಸೆಲ್ ಚಿಕ್ಕದಾದಷ್ಟೂ ರಾತ್ರಿ ಅದಕ್ಕೆ ದಕ್ಕುವ ಬೆಳಕು ಕಡಿಮೆಯಾಗುತ್ತದೆ.

ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂಬುದು ಕೋನದ ಮಾತು. ವಾಹನ ಬರುವ ದಿಕ್ಕಿಗೂ ಕ್ಯಾಮೆರಾದ ನೋಟಕ್ಕೂ ನಡುವಿನ ಓರೆ ಮೇಲಿನಿಂದಾಗಲಿ ಪಕ್ಕದಿಂದಾಗಲಿ 30 ಡಿಗ್ರಿ ಮೀರಬಾರದು. ಗೇಟಿನ ಕಂಬದ ಮೇಲೆ 3 ಮೀಟರ್ ಎತ್ತರದಲ್ಲಿ ಕೂರಿಸಿ 10 ಮೀಟರ್ ಆಚೆಗೆ ಗುರಿಯಿಟ್ಟರೆ ಇಳಿಜಾರು 17 ಡಿಗ್ರಿ ಮೀರುವುದಿಲ್ಲ. ಹಂಪ್ ಇರುವ ಜಾಗ ಇದಕ್ಕೆ ಹೇಳಿಮಾಡಿಸಿದಂಥದ್ದು, ಏಕೆಂದರೆ ಅಲ್ಲಿ ಎಲ್ಲ ವಾಹನಗಳೂ ವೇಗ ತಗ್ಗಿಸುತ್ತವೆ. ಸಾಧ್ಯವಿದ್ದ ಕಡೆ ಹಿಂದಿನ ಪ್ಲೇಟನ್ನೇ ಹಿಡಿಯುವುದು ಮೇಲು. ದ್ವಿಚಕ್ರ ವಾಹನಗಳ ಮುಂದಿನ ಪ್ಲೇಟ್ ಬರೀ 45 ಮಿಲಿಮೀಟರ್ ಎತ್ತರದ್ದು. ಹಿಂದಿನದರಲ್ಲಿ ಅಕ್ಷರ ದೊಡ್ಡದು, ಹೆಡ್‌ಲೈಟಿನ ಕಾಟವೂ ಇಲ್ಲ.

ಹೆಚ್ಚಿನವರು ಎಡವುವುದು ಶಟರ್‌ನಲ್ಲಿ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 11 ಮೀಟರ್ ಸಾಗುತ್ತದೆ. ರಾತ್ರಿ ಬೆಳಕು ಸಾಲದೆ ಕ್ಯಾಮೆರಾ ತನ್ನಷ್ಟಕ್ಕೆ ಶಟರನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ತೆರೆದಿಟ್ಟರೆ ಆ ಹೊತ್ತಿನಲ್ಲಿ ಕಾರು 37 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಪ್ಲೇಟಿನ ಮೇಲಿನ ಅಕ್ಷರದ ಗೆರೆಯ ದಪ್ಪ 10 ಮಿಲಿಮೀಟರ್ ಮಾತ್ರ. ಆದ್ದರಿಂದ ಅಕ್ಷರವೆಲ್ಲ ಕಲಸಿಹೋಗುತ್ತದೆ. ಶಟರನ್ನು ಸಾವಿರದ ಒಂದು ಭಾಗಕ್ಕೆ ಬಿಗಿಮಾಡಿದರೆ ಚಲನೆ 11 ಮಿಲಿಮೀಟರಿಗೆ ಇಳಿಯುತ್ತದೆ. ವಾಹನ ಹೆಚ್ಚುಕಡಿಮೆ ನೇರವಾಗಿ ಎದುರಿಗೆ ಬರುವುದರಿಂದ ಚಿತ್ರದಲ್ಲಿ ಕಾಣುವ ಅಡ್ಡ ಚಲನೆ ಅದರ ಅರ್ಧಕ್ಕೂ ಕಡಿಮೆ. ಹಂಪ್ ದಾಟುವ ನಿಧಾನದ ವಾಹನಕ್ಕೆ ಐನೂರರ ಒಂದು ಭಾಗವೂ ಸಾಕು. ಮುಖ್ಯವಾದದ್ದೆಂದರೆ ಶಟರನ್ನು ಆಟೋ ಸ್ಥಿತಿಯಲ್ಲಿ ಬಿಡದೆ ಹಗಲಿಗೊಂದು, ರಾತ್ರಿಗೊಂದು ಬೆಲೆಯನ್ನು ಕೈಯಾರೆ ಕೊಡುವುದು.

ಇಷ್ಟು ಚುರುಕಾದ ಶಟರ್‌ನಲ್ಲಿ ರಾತ್ರಿ ಬೆಳಕು ಎಲ್ಲಿಂದ ಬರಬೇಕು? ಇಲ್ಲಿ ಪ್ಲೇಟೇ ನೆರವಿಗೆ ಬರುತ್ತದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕದ ಮೇಲಿನ ಹಾಳೆ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ. ಹೀಗಾಗಿ ಅವಗೆಂಪು ದೀಪ, ಅಂಗಡಿಯವರ ಬಾಯಲ್ಲಿ ಐಆರ್, ಕ್ಯಾಮೆರಾದ ಪಕ್ಕದಲ್ಲೇ ಇರಬೇಕು. ದೂರದ ಕಂಬಕ್ಕೆ ಕಟ್ಟಿದರೆ ಪ್ಲೇಟಿನಿಂದ ಮರಳುವ ಬೆಳಕು ಆ ಕಂಬಕ್ಕೇ ಹೋಗುತ್ತದೆ. 850 ನ್ಯಾನೋಮೀಟರಿನ ದೀಪ ಮಂದ ಕೆಂಪಾಗಿ ಕಂಡರೂ ದೂರ ತಲುಪುತ್ತದೆ. 940ರದ್ದು ಕಣ್ಣಿಗೆ ಕಾಣುವುದಿಲ್ಲ, ಆದರೆ ಕ್ಯಾಮೆರಾಕ್ಕೂ ಅದು ಮಂಕೇ. ಸರಿಯಾಗಿ ಹೊಂದಿಸಿದ ಕ್ಯಾಮೆರಾದ ರಾತ್ರಿಯ ಚಿತ್ರ ಬಹುಪಾಲು ಕಪ್ಪಾಗಿದ್ದು, ಪ್ಲೇಟ್ ಒಂದೇ ಹೊಳೆಯುತ್ತಿರುತ್ತದೆ. ಮೊದಲ ಸಲ ನೋಡಿದವರಿಗೆ ಕ್ಯಾಮೆರಾ ಕೆಟ್ಟಿದೆ ಎನಿಸಬಹುದು. ಅದು ಹಾಗೆಯೇ ಇರಬೇಕು. ಪ್ಲೇಟೇ ಬಿಳಿಚಿಕೊಂಡು ಅಕ್ಷರ ಅಳಿಸಿದಂತಿದ್ದರೆ ದೀಪದ ಬಲವನ್ನೋ ಕ್ಯಾಮೆರಾ ಚಿತ್ರವನ್ನು ಬೆಳಗಿಸುವ ಗೇನನ್ನೋ ತಗ್ಗಿಸಬೇಕು. ವಾಹನದ ಬಣ್ಣ, ಮಾದರಿ ಈ ಚಿತ್ರದಲ್ಲಿ ತಿಳಿಯುವುದಿಲ್ಲ, ಹಳದಿ ಪ್ಲೇಟಿಗೂ ಬಿಳಿ ಪ್ಲೇಟಿಗೂ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆಂದೇ ಅಗಲ ನೋಟದ ಎರಡನೆಯ ಕ್ಯಾಮೆರಾ ಜೊತೆಗಿರಬೇಕು.

ಹೆಡ್‌ಲೈಟಿನ ಪ್ರಖರತೆಯನ್ನು ಚುರುಕು ಶಟರೇ ಬಹಳಮಟ್ಟಿಗೆ ಅಡಗಿಸುತ್ತದೆ. ಲೆನ್ಸಿನ ಮುಂದೆ ಅವಗೆಂಪು ಬೆಳಕನ್ನು ಮಾತ್ರ ಒಳಬಿಡುವ ಫಿಲ್ಟರ್ ಇಟ್ಟರೆ ಎಲ್‌ಇಡಿ ಹೆಡ್‌ಲೈಟುಗಳು ಹೆಚ್ಚುಕಡಿಮೆ ಮಾಯವಾಗುತ್ತವೆ, ಏಕೆಂದರೆ ಅವು ಆ ಬೆಳಕನ್ನು ಚೆಲ್ಲುವುದೇ ಅಪರೂಪ. ಹಳೆಯ ಹ್ಯಾಲೊಜನ್ ದೀಪಗಳು ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಫೋಕಸ್ಸನ್ನು ಕತ್ತಲಾದ ಮೇಲೆ, ಐಆರ್ ಬೆಳಕಿನಲ್ಲಿ, ಗುರಿಯಿಟ್ಟ ಜಾಗದಲ್ಲಿ ಒಂದು ವಾಹನ ನಿಲ್ಲಿಸಿ ಹೊಂದಿಸಬೇಕು. ಅವಗೆಂಪು ಬೆಳಕು ಲೆನ್ಸಿನಲ್ಲಿ ಬಾಗುವ ಬಗೆ ಬೇರೆಯಾದ್ದರಿಂದ ಹಗಲಿನ ಫೋಕಸ್ ರಾತ್ರಿಗೆ ತಪ್ಪಬಹುದು. ಬೆಳಕಿನ ಏರುಪೇರನ್ನು ಸರಿದೂಗಿಸುವ ಡಬ್ಲ್ಯುಡಿಆರ್ ಸೌಲಭ್ಯವನ್ನು ಆಫ್ ಮಾಡುವುದು ಲೇಸು. ಅದು ಒಂದಕ್ಕಿಂತ ಹೆಚ್ಚು ಚಿತ್ರಗಳನ್ನು ಬೆರೆಸುವುದರಿಂದ ಓಡುವ ಅಕ್ಷರಕ್ಕೆ ನೆರಳು ಅಂಟಿಕೊಳ್ಳುತ್ತದೆ. ದೀಪಕ್ಕೆ ಹುಳ ಬರುತ್ತದೆ, ಹುಳ ಹಿಡಿಯಲು ಜೇಡ ಬಲೆ ಕಟ್ಟುತ್ತದೆ. ಕ್ಯಾಮೆರಾದ ಗಾಜನ್ನು ವಾರಕ್ಕೊಮ್ಮೆ ಒರೆಸದಿದ್ದರೆ ಮೇಲಿನ ಎಲ್ಲ ಲೆಕ್ಕವೂ ವ್ಯರ್ಥ.

ಚಿತ್ರದಿಂದ ನಂಬರನ್ನು ತಾನೇ ಓದಿ ಪಟ್ಟಿಮಾಡುವ ಎಎನ್‌ಪಿಆರ್ ತಂತ್ರ 1976ರಲ್ಲಿ ಬ್ರಿಟನ್ನಿನ ಪೊಲೀಸ್ ಸಂಶೋಧನಾ ವಿಭಾಗದಲ್ಲಿ ಹುಟ್ಟಿತು. ಇಂದು ಬೆಂಗಳೂರಿನ ಸಂಚಾರ ಪೊಲೀಸರ ಕ್ಯಾಮೆರಾಗಳೂ ಅದನ್ನೇ ಬಳಸುತ್ತವೆ. ಅದು ಮೊದಲು ಪ್ಲೇಟನ್ನು ಹುಡುಕಿ, ಓರೆಯನ್ನು ನೆಟ್ಟಗೆ ಮಾಡಿ, ಆಮೇಲೆ ಒಂದೊಂದೇ ಅಕ್ಷರವನ್ನು ಗುರುತಿಸುತ್ತದೆ. ‘ಕೆಎ’ ಆದಮೇಲೆ ಎರಡು ಅಂಕಿ ಬರಲೇಬೇಕೆಂಬ ಕ್ರಮ ಗೊತ್ತಿರುವ ತಂತ್ರಾಂಶ ಎಂಟನ್ನು ‘ಬಿ’ ಎಂದು ಎಣಿಸುವುದಿಲ್ಲ. ವಿನ್ಯಾಸದ ಅಕ್ಷರ, ಕನ್ನಡದ ಅಂಕಿ, ಮುರಿದ ಫಲಕ ಎದುರಾದರೆ ತಡವರಿಸುತ್ತದೆ. ಮನುಷ್ಯರು ಓದಿಕೊಳ್ಳಲು ಒಳ್ಳೆಯ ಚಿತ್ರವೇ ಸಾಕು, ಚಿಕ್ಕ ಬಡಾವಣೆಗೆ ಈ ತಂತ್ರಾಂಶ ಅಗತ್ಯವೇನಲ್ಲ.

ದಾಖಲೆ ಮುಂದೆ ಉಪಯೋಗಕ್ಕೆ ಬರಬೇಕಾದರೆ ರೆಕಾರ್ಡರಿನ ಗಡಿಯಾರ ಸರಿಯಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ದೃಶ್ಯದ ನಕಲನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರವೂ ಬೇಕು. ಕ್ಯಾಮೆರಾದ ನೋಟ ಗೇಟಿನ ದಾರಿಯನ್ನು ದಾಟಿ ಎದುರುಮನೆಯ ಬಾಗಿಲನ್ನೋ ಕಿಟಕಿಯನ್ನೋ ಮುಟ್ಟಬಾರದು. ಯಾರು ಯಾವ ಹೊತ್ತಿಗೆ ಬಂದುಹೋದರೆಂಬ ಪಟ್ಟಿ ಯಾರ ಕೈಯಲ್ಲಿರುತ್ತದೆ, ಎಷ್ಟು ದಿನಕ್ಕೆ ಅಳಿಸಿಹೋಗುತ್ತದೆ ಎಂಬುದನ್ನು ನಿವಾಸಿಗಳ ಸಂಘ ಮೊದಲೇ ತೀರ್ಮಾನಿಸಿ, ಗೇಟಿನ ಬಳಿ ಕ್ಯಾಮೆರಾ ಇದೆಯೆಂಬ ಫಲಕ ಹಾಕಬೇಕು.