ಇಗ್ನೈಟರ್ ತೆಗೆದರೆ ಎಂಜಿನ್ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನನ್ನ ನೈಟ್ರೋ ಆರ್‌ಸಿ ಟ್ರಕ್ ಸ್ಟಾರ್ಟ್ ಆಗುತ್ತದೆ, ಇಗ್ನೈಟರ್ ತೆಗೆದ ಕೂಡಲೇ ನಿಂತುಬಿಡುತ್ತದೆ. ಎಂಜಿನ್ ಕೆಟ್ಟಿತೇ?

ಉತ್ತರ: ಇಷ್ಟಕ್ಕೇ ಎಂಜಿನ್ ಹೋಯಿತು ಅಂದುಕೊಳ್ಳಬೇಡಿ. ಮೊದಲು ಗ್ಲೋ ಪ್ಲಗ್ ಬಿಚ್ಚಿ. ಅದರ ಪ್ಲಾಟಿನಂ ಸುರುಳಿ ಇಂಧನದಲ್ಲಿರುವ ಮೆಥನಾಲ್ ಸಂಪರ್ಕದಿಂದ ಇಗ್ನೈಟರ್ ತೆಗೆದ ಮೇಲೂ ಕಾದೇ ಇರಬೇಕು. ಇಗ್ನೈಟರ್‌ಗೆ ಸಿಕ್ಕಿಸಿದಾಗ ಸುರುಳಿ ಮಂಕಾಗಿದ್ದರೆ, ತಿರುಚಿಕೊಂಡಿದ್ದರೆ ಪ್ಲಗ್ ಬದಲಿಸಿ. ಆಮೇಲೂ ನಿಂತು, ಹೊಗೆ ದಟ್ಟವಾಗಿ ಬಂದರೆ ಇಂಧನ ಹೆಚ್ಚಾಗಿ ಹೋಗುತ್ತಿದೆ. ಕಾರ್ಬ್ಯುರೇಟರ್ ಸೂಜಿಯನ್ನು ಒಂಚೂರು ಒಂಚೂರೇ ಬಿಗಿಮಾಡಿ. ಅತಿ ಮಾಡಬೇಡಿ: ಎಣ್ಣೆ ಇಂಧನದಲ್ಲೇ ಬೆರೆತಿರುವುದರಿಂದ, ಇಂಧನ ಕಡಿಮೆಯಾದರೆ ಪಿಸ್ಟನ್ ಒಣಗಿ ಸವೆಯುತ್ತದೆ.

ಸಂಶಯ ಉಳಿದರೆ, ಎಂಜಿನ್ ತಣ್ಣಗಿರುವಾಗ ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿಯಾಗಿ ಕಚ್ಚಿದರೆ ಎಂಜಿನ್ ಚೆನ್ನಾಗಿದೆ. ಸಲೀಸಾಗಿ ಜಾರಿದರೆ ಪಿಸ್ಟನ್, ಸ್ಲೀವ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ.